ಆಪ್ಟೊಮೆಟ್ರಿ: ಕರ್ನಾಟಕದ ಹಳ್ಳಿ–ನಗರಗಳಲ್ಲಿ ಜನರ ಅರಿವು

ಕಣ್ಣಿನ ನೋಟವನ್ನು ಅಳೆದು, ದೋಷವಿದ್ದರೆ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್‌ನಿಂದ ಸರಿಪಡಿಸುವ, ರೋಗದ ಸುಳಿವು ಕಂಡರೆ ನೇತ್ರವೈದ್ಯರ ಬಳಿಗೆ ಕಳಿಸುವ ವೃತ್ತಿಯೇ ಆಪ್ಟೊಮೆಟ್ರಿ. ಆಪ್ಟೊಮೆಟ್ರಿಸ್ಟ್ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೂ ಅಲ್ಲ, ಚೀಟಿ ನೋಡಿ ಗಾಜು ಕೂರಿಸುವ ಅಂಗಡಿಯವರೂ ಅಲ್ಲ. ಜನರ ಬಾಯಲ್ಲಿ ಮಾತ್ರ ಮೂವರೂ ‘ಕಣ್ಣಿನ ಡಾಕ್ಟ್ರು’. ಹಳ್ಳಿಯವರಿಗೆ ಪೊರೆಯ ಆಪರೇಷನ್ ಗೊತ್ತು, ನಗರದವರಿಗೆ ಕನ್ನಡಕದ ಅಂಗಡಿ ಗೊತ್ತು. ನಡುವೆ ಆಗಬೇಕಾದ ಪರೀಕ್ಷೆ ಇಬ್ಬರಿಗೂ ಅಷ್ಟಾಗಿ ಪರಿಚಯವಿಲ್ಲ.

ಹಿನ್ನೆಲೆ

ಈ ಸ್ಥಿತಿಗೆ ಚರಿತ್ರೆಯೂ ಒಂದು ಕಾರಣ. ಬೀಳಗಿಯಲ್ಲಿ ಹುಟ್ಟಿದ ನೇತ್ರತಜ್ಞ ಡಾ. ಎಂ.ಸಿ. ಮೋದಿ (1916–2005) ಊರೂರು ಸುತ್ತಿ ನಡೆಸಿದ ಉಚಿತ ಶಿಬಿರಗಳು ಪೊರೆ ತೆಗೆಸುವ ಭಯವನ್ನು ದೊಡ್ಡ ಮಟ್ಟದಲ್ಲಿ ಓಡಿಸಿದವು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಯ ಮೇಲೇ ಹೆಚ್ಚು ಗಮನವಿಟ್ಟಿತು. ಹೀಗೆ ‘ಕಣ್ಣಿನ ಶಿಬಿರ’ವೆಂದರೆ ಮುದುಕರಿಗೆ ಆಪರೇಷನ್ ಎಂಬ ತಿಳಿವಳಿಕೆ ಬೇರೂರಿತು. ಆಪ್ಟೊಮೆಟ್ರಿ ಪದವಿ ಬಂದದ್ದು ತಡವಾಗಿ: ಚೆನ್ನೈನ ಶಂಕರ ನೇತ್ರಾಲಯ ಇದಕ್ಕಾಗಿ 1985ರಲ್ಲಿ ಕಾಲೇಜು ತೆರೆಯಿತು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಈ ಪದವಿ ಇದೆ. ವೃತ್ತಿಗೆ ರಾಷ್ಟ್ರಮಟ್ಟದ ಕಾನೂನಿನ ಚೌಕಟ್ಟು ಸಿಕ್ಕಿದ್ದು 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯಿಂದ.

ಹಳ್ಳಿಗಳಲ್ಲಿ

ಗ್ರಾಮೀಣ ಸರ್ಕಾರಿ ಆಸ್ಪತ್ರೆಗಳಲ್ಲಿ ಕಣ್ಣು ಪರೀಕ್ಷಿಸುವವರನ್ನು ‘ನೇತ್ರಾಧಿಕಾರಿ’ ಎನ್ನುತ್ತಾರೆ. ಒಬ್ಬರೇ ಹಲವು ಆರೋಗ್ಯ ಕೇಂದ್ರಗಳಿಗೆ ಸರದಿಯಂತೆ ಹೋಗುವುದುಂಟು. ಅವರು ಬರುವ ದಿನ ಊರಿಗೆ ತಿಳಿಯದಿದ್ದರೆ ಬಂದದ್ದೂ ವ್ಯರ್ಥ. ನಲವತ್ತು ದಾಟಿ ಸೂಜಿಗೆ ದಾರ ಪೋಣಿಸಲಾಗದಾಗ, ಅಕ್ಕಿಯ ಕಲ್ಲು ಕಾಣದಾಗ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುವವರೇ ಬಹಳ. ಉಳಿದವರು ಸಂತೆಯಲ್ಲಿ ಒಂದೊಂದನ್ನೇ ಮೂಗಿಗೇರಿಸಿ, ಅಕ್ಷರ ಕಂಡ ಚಾಳೀಸು ಕೊಳ್ಳುತ್ತಾರೆ. ಈ ಸಿದ್ಧ ಕನ್ನಡಕದ ಎರಡೂ ಗಾಜಿಗೆ ಒಂದೇ ಪವರ್. ಓದಲು ಮಾತ್ರ ತೊಂದರೆಯಿರುವವರಿಗೆ ಅದು ಸಾಕಾದೀತು. ಆದರೆ ಎರಡು ಕಣ್ಣಿಗೆ ಬೇರೆ ಬೇರೆ ನಂಬರು ಬೇಕಾದವರಿಗೆ ಹೊಂದದು, ಸದ್ದಿಲ್ಲದೆ ಬೆಳೆಯುವ ಗ್ಲಾಕೋಮಾವನ್ನಂತೂ ಅದು ತೋರಿಸದು.

ಹಾಗೆಂದು ಓದುವ ಕನ್ನಡಕವನ್ನು ಹಗುರವಾಗಿ ಕಾಣುವಂತಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವರು ಕೊಯ್ಯುವ ಎಲೆಯ ತೂಕ ಕನ್ನಡಕವಿಲ್ಲದವರಿಗಿಂತ ಶೇ. 20ಕ್ಕೂ ಮಿಕ್ಕಿ ಹೆಚ್ಚಿತು. ಕೂಲಿ ಮಾಡುವವರಿಗೆ ‘ದೃಷ್ಟಿ ಅಮೂಲ್ಯ’ ಎಂಬ ಭಿತ್ತಿಪತ್ರಕ್ಕಿಂತ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಮಕ್ಕಳ ವಿಷಯದಲ್ಲಿ ಅಜ್ಞಾನದ ಬೆಲೆ ಇನ್ನೂ ಹೆಚ್ಚು. ಮೆಳ್ಳೆಗಣ್ಣು ಅದೃಷ್ಟವೆಂದು ನಂಬುವ ಮನೆಗಳಿವೆ. ವಾಸ್ತವದಲ್ಲಿ ಓರೆಯಾದ ಕಣ್ಣನ್ನು ಮಿದುಳು ಕಡೆಗಣಿಸುತ್ತ ಹೋಗಿ, ಆ ಕಣ್ಣಿನ ನೋಟವೇ ಬೆಳೆಯದೆ ಉಳಿಯಬಹುದು. ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಕಷ್ಟ. ಹೆಣ್ಣುಮಗುವಿಗೆ ಕನ್ನಡಕ ಬಂದರೆ ಗಂಡು ಸಿಗುವುದಿಲ್ಲವೆಂದು ಅದನ್ನು ಪೆಟ್ಟಿಗೆಯಲ್ಲೇ ಇಡಿಸುವ ತಾಯಂದಿರೂ ಇದ್ದಾರೆ, ಇದು ಹಳ್ಳಿಗಷ್ಟೇ ಸೀಮಿತವಲ್ಲ.

ನಗರಗಳಲ್ಲಿ

ಬೆಂಗಳೂರಿನಲ್ಲಿ 19ನೇ ಶತಮಾನದ ಕೊನೆಯಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆಯಿದೆ, ಬೀದಿಬೀದಿಯಲ್ಲಿ ಕನ್ನಡಕದ ಮಳಿಗೆಗಳಿವೆ. ನಗರದ ತೊಡಕು ‘ಕಂಪ್ಯೂಟರ್ ಟೆಸ್ಟ್’ ಮೇಲಿನ ಅತಿನಂಬಿಕೆ. ಗದ್ದವನ್ನು ಯಂತ್ರದ ಮೇಲಿಟ್ಟು ಒಳಗಿನ ಚಿತ್ರ ನೋಡಿದರೆ ಕ್ಷಣದಲ್ಲಿ ಚೀಟಿ ಬರುತ್ತದೆ. ಆ ಚೀಟಿ ಪರೀಕ್ಷೆಯ ಆರಂಭವೇ ಹೊರತು ಮುಕ್ತಾಯವಲ್ಲ. ನುರಿತ ಆಪ್ಟೊಮೆಟ್ರಿಸ್ಟ್ ರೆಟಿನೋಸ್ಕೋಪಿನ ಬೆಳಕಿನ ಗೆರೆಯನ್ನು ಪಾಪೆಯ ಮೇಲೆ ಹಾಯಿಸಿ, ಒಳಗಿನ ಕೆಂಪು ಹೊಳಪು ಯಾವ ಕಡೆಗೆ ಸರಿಯುತ್ತದೆಂದು ನೋಡಿ, ಒಂದೊಂದೇ ಗಾಜು ಬದಲಿಸುತ್ತಾರೆ. ಬಳಿಕ ‘ಇದು ಚೆನ್ನಾಗಿದೆಯಾ, ಅದಾ?’ ಎಂದು ಕೇಳುತ್ತಾರೆ. ಮಕ್ಕಳ ಕಣ್ಣು ಹತ್ತಿರದ ನೋಟಕ್ಕೆ ತಾನಾಗಿ ಬಿಗಿಯುವುದರಿಂದ ಯಂತ್ರ ಇಲ್ಲದ ಮೈನಸ್ ತೋರಿಸಬಹುದು. ಅದಕ್ಕೇ ಔಷಧಿಯ ಹನಿ ಹಾಕಿ ಆ ಬಿಗಿತ ಸಡಿಲಿಸಿ ಮತ್ತೆ ನೋಡುವ ಪದ್ಧತಿ. ‘ಇಷ್ಟು ಹೊತ್ತು ಯಾಕೆ?’ ಎಂದು ಗಡಿಯಾರ ನೋಡುವ ಪೋಷಕರಿಗೆ ಇದನ್ನು ಯಾರಾದರೂ ಹೇಳಲೇಬೇಕು.

ನೀಲಿಬೆಳಕು ತಡೆಯುವ ಗಾಜಿಗೆ ಹೆಚ್ಚು ದುಡ್ಡು ತೆರುವುದೂ ನಗರದ ಚಾಳಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಪರದೆ ನೋಡಿ ಬರುವ ಕಣ್ಣಿನ ದಣಿವನ್ನು ಅಲ್ಪಾವಧಿಯಲ್ಲಿ ತಗ್ಗಿಸುವಲ್ಲಿ ಆ ಗಾಜು ಸಾದಾ ಗಾಜಿಗಿಂತ ಮೇಲಲ್ಲದಿರಬಹುದು. ಮಕ್ಕಳು ದಿನವೂ ಬಯಲಲ್ಲಿ ಆಡಿದರೆ ಸಮೀಪದೃಷ್ಟಿ ಶುರುವಾಗುವುದು ತಗ್ಗುತ್ತದೆ ಎಂಬುದಕ್ಕೆ ಮಾತ್ರ ಒಳ್ಳೆಯ ಆಧಾರವಿದೆ.

ಅರಿವಿನ ಪ್ರಯತ್ನಗಳು

ಅಕ್ಟೋಬರ್ ಎರಡನೇ ಗುರುವಾರದ ವಿಶ್ವ ದೃಷ್ಟಿ ದಿನಕ್ಕೆ ಜಾಥಾ, ಬ್ಯಾನರು ಆಗುತ್ತವೆ. ಅವುಗಳಿಗಿಂತ ಮನೆಬಾಗಿಲಿನ ತಪಾಸಣೆಯೇ ಹೆಚ್ಚು ಕೆಲಸಕ್ಕೆ ಬರುವಂಥದ್ದು. ರಾಜ್ಯ ಸರ್ಕಾರದ ‘ಆಶಾಕಿರಣ’ ಕಾರ್ಯಕ್ರಮ ಈ ದಾರಿ ಹಿಡಿಯಿತು: ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನೋಟ ಪರೀಕ್ಷಿಸುವುದು, ದೋಷ ಕಂಡವರನ್ನು ನೇತ್ರಾಧಿಕಾರಿಗಳು ಮತ್ತೆ ನೋಡುವುದು, ಅಗತ್ಯವಿದ್ದವರಿಗೆ ಉಚಿತ ಕನ್ನಡಕ ಕೊಡುವುದು ಅದರ ಕ್ರಮ. ಇಲ್ಲಿ ಅರಿವೂ ಸೇವೆಯೂ ಒಟ್ಟಿಗೇ ತಲುಪುತ್ತವೆ. ನಿಮ್ಮ ಆರೋಗ್ಯ ಕೇಂದ್ರಕ್ಕೆ ನೇತ್ರಾಧಿಕಾರಿ ಯಾವ ದಿನ ಬರುತ್ತಾರೆಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.