ಬಿಚ್ಚಿಟ್ಟ ಹಳೆಯ ಎಂಜಿಎ ಸ್ಪೋರ್ಟ್ಸ್ ಕಾರಿಗೆ ಮರುಜೀವ: ಎಂಜಿನ್ ಕಟ್ಟುವ ಮುನ್ನ ಇದು ತಿಳಿದಿರಲಿ

ಶೆಡ್‌ನ ಮೂಲೆಯಲ್ಲಿ ಬರಿಯ ಚಾಸಿ, ಗೋಡೆಗೆ ಒರಗಿಸಿಟ್ಟ ಬಾಗಿಲು, ಡಬ್ಬದ ತುಂಬ ನಟ್ಟು-ಬೋಲ್ಟು, ಗೋಣಿಚೀಲ ಹೊದ್ದ ಎಂಜಿನ್. ಹಳೆಯ ಸ್ಪೋರ್ಟ್ಸ್ ಕಾರುಗಳು ಎಷ್ಟೋ ಬಾರಿ ಮಾರಾಟಕ್ಕೆ ಬರುವುದು ಇದೇ ಸ್ಥಿತಿಯಲ್ಲಿ. ಬೆಲೆ ಕಡಿಮೆ ಎಂದು ಕೊಂಡವರು ಅರ್ಧಕ್ಕೇ ಕೈಚೆಲ್ಲುವುದೂ ಉಂಟು. ಇಂಥ ಕಾರನ್ನು ಮತ್ತೆ ರಸ್ತೆಗೆ ತರುವ ಕ್ರಮ ಏನು? ಬ್ರಿಟನ್ನಿನ ಎಂಜಿಎ ಕಾರಿನ ಉದಾಹರಣೆಯೊಂದಿಗೆ ಇಲ್ಲಿದೆ ಮಾಹಿತಿ.

ಅಂಬಾಸಿಡರ್ ಜತೆಗಿನ ನಂಟು

ಎಂಜಿಎ ತಯಾರಾಗಿದ್ದು 1955ರಿಂದ 1962ರವರೆಗೆ, ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ. ಒಟ್ಟು 1 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಮೊದಲ ಮಾದರಿಯಲ್ಲಿದ್ದದ್ದು 1489 ಸಿಸಿಯ 'ಬಿ ಸೀರೀಸ್' ಎಂಜಿನ್. ಭಾರತದ ಹಿಂದೂಸ್ತಾನ್ ಅಂಬಾಸಿಡರ್ ಕಾರಿನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ವಂಶದ್ದು. ಎಂಜಿಎಗೆ ಎರಡು ಎಸ್‌ಯು ಕಾರ್ಬ್ಯುರೇಟರ್ ಇದ್ದರೆ ಅಂಬಾಸಿಡರ್‌ಗೆ ಒಂದೇ. ಹಾಗಾಗಿ ಈ ಎಂಜಿನ್‌ನ ಒಳಗುಟ್ಟು ಬಲ್ಲ ಹಳೆಯ ಮೆಕ್ಯಾನಿಕ್‌ಗಳು ನಮ್ಮಲ್ಲಿ ಇದ್ದಾರೆ. ಆದರೆ ಅಪಾಯವೂ ಇಲ್ಲೇ ಇದೆ. ಸುಲಭವಾಗಿ ಸಿಗುತ್ತದೆ ಎಂದು ಮೂಲ ಎಂಜಿನ್ ಬಿಸಾಡಿ ಬೇರೆಯದನ್ನು ಕೂರಿಸಿದರೆ ಕಾರಿನ ಗುರುತೇ ಅಳಿಸಿಹೋಗುತ್ತದೆ.

ಮೊದಲು ಲೆಕ್ಕ, ಆಮೇಲೆ ಖರೀದಿ

ಕಾರನ್ನು ಬಿಚ್ಚಿದವರು ಒಬ್ಬರು, ಜೋಡಿಸುವವರು ಇನ್ನೊಬ್ಬರಾದಾಗ ಯಾವ ಬೋಲ್ಟ್ ಎಲ್ಲಿಯದು ಎಂಬುದೇ ದೊಡ್ಡ ತಲೆನೋವು. ಆದ್ದರಿಂದ ಮೊದಲ ಕೆಲಸ ಪಟ್ಟಿ ಮಾಡುವುದು. ಕಂಪನಿಯ ಬಿಡಿಭಾಗಗಳ ಕೈಪಿಡಿ ಮುಂದಿಟ್ಟುಕೊಂಡು ಇರುವುದೆಷ್ಟು, ಇಲ್ಲದ್ದು ಯಾವುದು ಎಂದು ಗುರುತಿಸಿ, ಪ್ರತಿಯೊಂದಕ್ಕೂ ಚೀಟಿ ಕಟ್ಟಬೇಕು. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ದಾಖಲೆಯೊಂದಿಗೆ ತಾಳೆ ನೋಡಬೇಕು.

ಎಂಜಿಎಯ ಬಾಡಿ ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟ್‌ಗಳಿಂದ ಕೂರುತ್ತದೆ. ಬಾಗಿಲ ಕೆಳಗಿನ ಸಿಲ್‌ಗಳು ಮೊದಲು ತುಕ್ಕು ಹಿಡಿಯುತ್ತವೆ. ಅವನ್ನು ಬದಲಿಸುವಾಗ ಬಾಡಿಯನ್ನು ಚಾಸಿಯ ಮೇಲೆ ಕೂರಿಸಿ, ಬಾಗಿಲು ಸಿಕ್ಕಿಸಿ, ಸಂದು ಸರಿಯಿದೆಯೇ ಎಂದು ನೋಡಿದ ಮೇಲೆಯೇ ವೆಲ್ಡಿಂಗ್ ಮಾಡಬೇಕು. ಇಲ್ಲಿ ಅವಸರ ಮಾಡಿದರೆ ಪೇಂಟ್ ಆದ ಮೇಲೆ ಬಾಗಿಲು ಮುಚ್ಚುವುದಿಲ್ಲ.

ಎಂಜಿನ್: ಅಳತೆಯೇ ಮುಖ್ಯ

ಪಿಸ್ಟನ್, ಬೇರಿಂಗ್‌ಗಳನ್ನು ಮೊದಲೇ ಕೊಂಡು ತರುವುದು ಸಾಮಾನ್ಯವಾಗಿ ಆಗುವ ತಪ್ಪು. ಯಾವ ಸೈಜ್ ಬೇಕು ಎಂದು ಹೇಳುವುದು ಅಳತೆ ಮಾತ್ರ.

* ಸಿಲಿಂಡರ್: ಸವೆತ ಹೆಚ್ಚಿರುವುದು ಮೇಲ್ಭಾಗದಲ್ಲಿ, ಪಿಸ್ಟನ್ ರಿಂಗ್ ತಲುಪುವ ಕೊನೆಯ ಹಂತದಲ್ಲಿ. ಸವೆದಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಮಿತಿ ಮೀರಿದ್ದರೂ ಸ್ಲೀವ್ ಹಾಕಿಸಿ ಮೂಲ ಬ್ಲಾಕ್ ಉಳಿಸಿಕೊಳ್ಳಬಹುದು.
* ಕ್ರ್ಯಾಂಕ್‌ಶಾಫ್ಟ್: ಬಿರುಕು ಪರೀಕ್ಷೆ ಮೊದಲು. ನಂತರ ಮೈಕ್ರೋಮೀಟರ್‌ನಿಂದ ಅಳೆದು, ಬೇಕಿದ್ದರೆ ಗ್ರೈಂಡ್ ಮಾಡಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ತರಬೇಕು.
* ಆಯಿಲ್ ದಾರಿಗಳು: ಬ್ಲಾಕ್‌ನೊಳಗಿನ ಆಯಿಲ್ ದಾರಿಯ ಪ್ಲಗ್‌ಗಳನ್ನು ತೆಗೆದೇ ತೊಳೆಯಬೇಕು. ಒಳಗುಳಿದ ಲೋಹದ ಪುಡಿ ಹೊಸ ಬೇರಿಂಗ್‌ಗಳನ್ನು ಹಾಳು ಮಾಡುತ್ತದೆ.
* ಸಿಲಿಂಡರ್ ಹೆಡ್: ಸೀಸವಿದ್ದ ಪೆಟ್ರೋಲ್ ಕಾಲದ ವಿನ್ಯಾಸ ಇದು. ಇಂದಿನ ಪೆಟ್ರೋಲ್‌ಗೆ ಗಟ್ಟಿ ಲೋಹದ ಎಕ್ಸಾಸ್ಟ್ ವಾಲ್ವ್ ಸೀಟ್ ಹಾಕಿಸುವುದು ಕ್ಷೇಮ.

ಜೋಡಿಸುವಾಗ ಟಾರ್ಕ್ ರೆಂಚ್ ಬೇಕೇ ಬೇಕು. ಮೇನ್ ಬೇರಿಂಗ್ ಬಿಗಿತ ಸುಮಾರು 95 ನ್ಯೂಟನ್ ಮೀಟರ್, ಹೆಡ್ ನಟ್‌ಗಳದ್ದು ಸುಮಾರು 68. ಕ್ರ್ಯಾಂಕ್‌ನ ಹಿಂಬದಿಯಲ್ಲಿ ರಬ್ಬರ್ ಸೀಲ್ ಬದಲು ಆಯಿಲನ್ನು ಹಿಂದಕ್ಕೆ ತಳ್ಳುವ ಸುರುಳಿ ಗೆರೆ ಮಾತ್ರ ಇದೆ. ಹಾಗಾಗಿ ಅಲ್ಲಿ ಒಂದೆರಡು ಹನಿ ಆಯಿಲ್ ಸೋರಿದರೆ ಗಾಬರಿ ಬೇಡ.

ಮೊದಲ 20 ನಿಮಿಷ ನಿರ್ಣಾಯಕ

ಸ್ಪಾರ್ಕ್ ಪ್ಲಗ್ ತೆಗೆದು, ಗೇಜ್‌ನಲ್ಲಿ ಆಯಿಲ್ ಪ್ರೆಶರ್ ಕಾಣುವವರೆಗೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಬೇಕು. ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ, ಸ್ಟಾರ್ಟ್ ಆದ ಕೂಡಲೇ ಐಡಲ್‌ನಲ್ಲಿ ಬಿಡದೆ ಸುಮಾರು 2000 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಬೇಕು. ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳುವುದು ಆಗಲೇ. ಸತು ಅಂಶ ಹೆಚ್ಚಿರುವ ಆಯಿಲ್ ಬಳಸುವುದು ಒಳ್ಳೆಯದು. ಎಂಜಿನ್ ತಣಿದ ನಂತರ ಹೆಡ್ ನಟ್‌ಗಳ ಬಿಗಿತವನ್ನೂ ವಾಲ್ವ್ ಅಂತರವನ್ನೂ ಮತ್ತೆ ನೋಡಬೇಕು. ಎಥನಾಲ್ ಬೆರೆತ ಇ20 ಪೆಟ್ರೋಲ್ ಹಳೆಯ ರಬ್ಬರ್ ಪೈಪ್‌ಗಳನ್ನು ಹಾಳುಮಾಡುವುದರಿಂದ ಅವನ್ನು ಮೊದಲೇ ಬದಲಿಸಬೇಕು.

ವಿಂಟೇಜ್ ನೋಂದಣಿಗೆ ಮೂಲರೂಪ ಬೇಕು

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆ ಇದು ಅನ್ವಯ. ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿ ಶುಲ್ಕ 20,000 ರೂ., ಅವಧಿ 10 ವರ್ಷ, ಮರುನೋಂದಣಿಗೆ 5,000 ರೂ. ಸಂಖ್ಯಾಫಲಕದಲ್ಲಿ 'ವಿಎ' ಅಕ್ಷರಗಳಿರುತ್ತವೆ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗೆ ಇಳಿಸಬಹುದು. ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ.

ಹೀಗಾಗಿ ಗೋಣಿಚೀಲದಲ್ಲಿರುವ ಆ ಹಳೆಯ ಬ್ಲಾಕನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಲೇತ್ ಅಂಗಡಿಯಲ್ಲಿ ಅಳತೆ ಮಾಡಿಸುವುದು ಒಳಿತು. ಪಿಸ್ಟನ್, ಬೇರಿಂಗ್ ಹೊಸದಾಗಿ ಸಿಗುತ್ತವೆ. ಮೂಲ ಸಂಖ್ಯೆ ಹೊತ್ತ ಎಂಜಿನ್ ಮಾತ್ರ ಮತ್ತೊಂದು ಸಿಗುವುದಿಲ್ಲ.