ಬೈಲಕುಪ್ಪೆಯ ಮಗ್ಗ, ನಮ್ಮೂರ ಮಗ್ಗ

ಕೃಷ್ಣಾ ನದಿಯ ಸೇತುವೆ ದಾಟಿದರೆ ನಮಗೆ ರಾಯಚೂರು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಕೃಷ್ಣಾ, ಮಕ್ತಲ್, ನಾರಾಯಣಪೇಟೆಗಳ ನಾವು ಆಂಧ್ರಕ್ಕೆ ಸೇರಿದೆವು, 2014ರಲ್ಲಿ ತೆಲಂಗಾಣದವರಾದೆವು. ಚಳಿಗಾಲದಲ್ಲಿ ರಾಯಚೂರಿಗೆ ಸ್ವೆಟರು ಮಾರಲು ಬರುತ್ತಿದ್ದ ಟಿಬೆಟಿನವರನ್ನು ಕಂಡು, ಅದೇ ಅವರ ಕುಲಕಸುಬೆಂದು ನಾನು ಬಹುಕಾಲ ತಿಳಿದಿದ್ದೆ. ಆ ಸ್ವೆಟರುಗಳಲ್ಲಿ ಹೆಚ್ಚಿನವು ಲೂಧಿಯಾನದ ಕಾರ್ಖಾನೆಗಳವು. ಅವರ ನಿಜವಾದ ಕೈಕೆಲಸವನ್ನು ನಾನು ನೋಡಿದ್ದು 1994ರಲ್ಲಿ, ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಮಂದಿ ಬಂದರು. ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ಕಾಡು ಕಡಿದು, 1960ರ ದಶಕದ ಆರಂಭದಲ್ಲಿ ಅವರು ಬೈಲಕುಪ್ಪೆಯ ಮೊದಲ ವಸತಿಯನ್ನು ಕಟ್ಟಿಕೊಂಡರು. 1966ರಲ್ಲಿ ಮುಂಡಗೋಡದಲ್ಲಿಯೂ ವಸತಿಯಾಯಿತು. ಹೊಲದಲ್ಲಿ ಮುಸುಕಿನ ಜೋಳ ಬೆಳೆದರು, ಮನೆಯೊಳಗೆ ರತ್ನಗಂಬಳಿ ನೇಯ್ದರು.

ನಾನು ನೇಕಾರರ ಮನೆಯಲ್ಲಿ ಹುಟ್ಟಿದವನು. ನಮ್ಮದು ಕುಣಿಮಗ್ಗ, ಹಾಸು ನೆಲಕ್ಕೆ ಸಮನಾಗಿ ಮಲಗಿರುತ್ತದೆ. ಅವರ ಮಗ್ಗದಲ್ಲಿ ಹಾಸು ಗೋಡೆಯಂತೆ ನೆಟ್ಟಗೆ ನಿಂತಿತ್ತು. ಹೆಂಗಸೊಬ್ಬಳು ಹಾಸಿನ ಎದುರು ಅಡ್ಡಕೋಲೊಂದನ್ನು ಹಿಡಿದು, ಉಣ್ಣೆಯ ನೂಲನ್ನು ಎಳೆಗಳಿಗೂ ಕೋಲಿಗೂ ಸುತ್ತುತ್ತ ಹೋದಳು. ಸಾಲು ಮುಗಿದ ಮೇಲೆ ಕೋಲಿನುದ್ದಕ್ಕೂ ಚಾಕು ಎಳೆದಳು. ಕುಣಿಕೆಗಳೆಲ್ಲ ಕತ್ತರಿಸಿ, ಗರಿಕೆಯಂತೆ ಎದ್ದು ನಿಂತವು. ಒಂದೊಂದೇ ಗಂಟು ಹಾಕುವ ಪರ್ಷಿಯಾದ ಕ್ರಮಕ್ಕಿಂತ ಇದು ಬೇರೆ. ಟಿಬೆಟಿನಲ್ಲಿ ಸುಮಾರು ಆರಡಿ ಉದ್ದ, ಮೂರಡಿ ಅಗಲದ ಇಂಥ ಗಂಬಳಿ ಕೂರಲಿಕ್ಕೂ ಮಲಗಲಿಕ್ಕೂ ಬೇಕಾಗುತ್ತಿತ್ತು; ಕುದುರೆಯ ಜೀನಿಗೂ ಬೇರೆ ಅಳತೆಯದು ಇತ್ತು. ನಮ್ಮ ಸೆಕೆಯ ನಾಡಿನಲ್ಲಿ ಅದು ಮನೆಯ ವಸ್ತುವಿಗಿಂತ ಹೆಚ್ಚಾಗಿ ಮಾರಾಟದ ವಸ್ತುವಾಯಿತು.

ಥಾಂಕಾ ಎಂಬ ಬಟ್ಟೆಯ ಚಿತ್ರದ ಕಥೆ ಬೇರೆ. ಹತ್ತಿಯ ಬಟ್ಟೆಗೆ ಅಂಟು, ಸೀಮೆಸುಣ್ಣ ಬಳಿದು, ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ಶಾಸ್ತ್ರದ ಅಳತೆಯಂತೆ ಗೆರೆ ಹಾಕಿ, ಕಲ್ಲು ಅರೆದು ಮಾಡಿದ ನೀಲಿ, ಹಸಿರು, ಕೆಂಪು ತುಂಬುತ್ತಾರೆ. ಕಣ್ಣು ಬರೆಯುವುದು ಎಲ್ಲಕ್ಕೂ ಕೊನೆಗೆ. ಆಮೇಲೆ ಸುತ್ತಲೂ ಜರಿ ರೇಷ್ಮೆಯ ಅಂಚು ಹೊಲಿಯುತ್ತಾರೆ. ಹಿಂದೆ ಈ ರೇಷ್ಮೆ ಚೀನಾದಿಂದ ಬರುತ್ತಿತ್ತು. ಕಾಶಿಯ ಮುಸಲ್ಮಾನ ನೇಕಾರರೂ ತಲೆಮಾರುಗಳಿಂದ ಇದನ್ನು ಟಿಬೆಟಿನ ಮಠಗಳಿಗಾಗಿ ನೇಯುತ್ತ ಬಂದಿದ್ದಾರೆ. ಬುದ್ಧನ ಪಟಕ್ಕೆ ಅಂಚು ಕೊಟ್ಟ ಕೈ ನಮ್ಮ ದೇಶದ್ದೆಂದು ತಿಳಿದಾಗ ನೇಕಾರನಾದ ನನಗೆ ಹೆಮ್ಮೆಯೆನಿಸಿತು.

ಮುಂದಿನ ವರ್ಷಗಳಲ್ಲಿ ಬೈಲಕುಪ್ಪೆಯ ಯುವಕರು ಓದಿ ಬೆಂಗಳೂರಿಗೆ, ವಿದೇಶಕ್ಕೆ ಹೊರಟರು. ಗಂಬಳಿ ನೇಯುವ ಕೈಗಳು ಕಡಿಮೆಯಾದವು. ಥಾಂಕಾ ಮಾತ್ರ ಉಳಿಯಿತು. 1999ರಲ್ಲಿ ನಮ್ಡ್ರೋಲಿಂಗ್ ಮಠದ ಸುವರ್ಣ ದೇಗುಲ ತೆರೆದಾಗ ಅದರ ಗೋಡೆಗಳೆಲ್ಲ ಚಿತ್ರಗಳಿಂದ ತುಂಬಿದ್ದವು. ಪೂಜೆಗೆ ಪಟ ಬೇಕೇ ಬೇಕು. ಆದ್ದರಿಂದ ಬರೆಯುವವರೂ ಬೇಕು. ಪೇಟೆಯನ್ನೇ ನಂಬಿದ ಕಸುಬು ಪೇಟೆಯೊಡನೆ ಇಳಿಯಿತು, ಮನೆಗೂ ಮಠಕ್ಕೂ ಬೇಕಾದದ್ದು ನಿಂತಿತು ಎಂದು ನನಗೆ ತೋರುತ್ತದೆ.

ನಾರಾಯಣಪೇಟೆಯ ನೇಕಾರರಲ್ಲಿಯೂ ಒಂದು ಮಾತಿದೆ: ಶಿವಾಜಿಯ ದಂಡಿನೊಡನೆ ಬಂದ ಕೆಲವು ನೇಕಾರರು ಇಲ್ಲಿಯೇ ನೆಲೆಸಿದರಂತೆ. ಹೀಗೆ ನೋಡಿದರೆ ನಮ್ಮ ಚೌಕಳಿ ಸೀರೆಯೂ ವಲಸೆ ಬಂದವರದೇ. ಸೀರೆಗೆ ಇಂದಿಗೂ ಗಿರಾಕಿಗಳಿದ್ದಾರೆ. ನನ್ನ ಚಿಂತೆ ಸೀರೆಯದಲ್ಲ. ಲಾಳಿ, ಹಣಿಗೆ, ಹಾಸು, ಹೊಕ್ಕು ಎಂದು ನನ್ನ ತಂದೆ ಕೆಲಸ ಮಾಡುತ್ತಲೇ ನನಗೆ ಕನ್ನಡ ಕಲಿಸಿದರು. ಮೊಮ್ಮಗ ತೆಲುಗು, ಇಂಗ್ಲಿಷು ಚೆನ್ನಾಗಿ ಓದುತ್ತಾನೆ; ಅದು ಸಂತೋಷವೇ. ಆದರೆ ಕನ್ನಡ ಅವನಿಗೆ ಹಬ್ಬಕ್ಕೆ ಹೊರತೆಗೆಯುವ ಗಂಬಳಿಯಾಗಬಾರದು.

ಕಾಸರಗೋಡಿನ ಶಾಲಿಯರ ಮಗ್ಗದ ಸದ್ದು ಕೇಳಿದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ರಜೆಯಲ್ಲಿ ಅವನನ್ನು ಮಗ್ಗದ ಪಕ್ಕ ಕೂರಿಸಿಕೊಳ್ಳುತ್ತೇನೆ. ಲಾಳಿ ಬೇಕಾದರೆ ಕನ್ನಡದಲ್ಲಿಯೇ ಕೇಳುತ್ತೇನೆ. ಮೊದಲೆರಡು ದಿನ ತಪ್ಪಾಗಿ ಹಣಿಗೆ ತೋರಿಸಿದ; ಮೂರನೆಯ ದಿನ ಲಾಳಿಯನ್ನೇ ಕೊಟ್ಟ.