ದುಬೈಯೋ, ಶಾರ್ಜಾವೋ? ಸಂಸಾರ ಸಮೇತ ಕೊಲ್ಲಿಗೆ ಹೊರಟವರು ಬಡಾವಣೆ ಆರಿಸಿಕೊಳ್ಳುವ ಬಗೆ

ವಿರಾಜಪೇಟೆಯಿಂದ ಹೊರಟು ಪೆರುಂಬಾಡಿಯನ್ನು ದಾಟಿದರೆ ದಟ್ಟ ಕಾಡಿನ ನಡುವೆ ಘಟ್ಟದ ಇಳಿಜಾರು ಆರಂಭವಾಗುತ್ತದೆ. ಆ ಇಳಿಜಾರಿನ ಕೊನೆಯಲ್ಲಿ ಇರುವುದು ಮಾಕುಟ್ಟ. ಮುಂದಿನ ಕೂಟುಪುಳ ಸೇತುವೆಯನ್ನು ದಾಟಿದರೆ ಕೇರಳ. ಕಣ್ಣೂರು ಜಿಲ್ಲೆಯ ಮಟ್ಟನ್ನೂರಿನಲ್ಲಿ 2018ರ ಡಿಸೆಂಬರ್ 9ರಂದು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಈ ಗಡಿಗ್ರಾಮದ ರಸ್ತೆಗೆ ಹೊಸ ಮಹತ್ವ ಬಂದಿದೆ. ವಿರಾಜಪೇಟೆಯಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಈ ನಿಲ್ದಾಣವೇ ಇಂದು ದಕ್ಷಿಣ ಕೊಡಗಿನವರಿಗೆ ಕೊಲ್ಲಿ ರಾಷ್ಟ್ರಗಳತ್ತ ತೆರೆದುಕೊಂಡಿರುವ ಅತಿ ಸಮೀಪದ ಬಾಗಿಲು.

ಹಿಂದೆ ಈ ದಾರಿಯಲ್ಲಿ ಹೋಗುತ್ತಿದ್ದವರಲ್ಲಿ ಒಂಟಿ ಗಂಡಸರೇ ಹೆಚ್ಚು. ಅವರು ಕಂಪನಿಯ ಕ್ಯಾಂಪಿನಲ್ಲೋ, ನಾಲ್ಕಾರು ಮಂದಿ ಹಂಚಿಕೊಂಡ ಕೋಣೆಯಲ್ಲೋ ಇದ್ದು ಊರಿಗೆ ಹಣ ಕಳುಹಿಸುತ್ತಿದ್ದರು. ಹೆಂಡತಿ ಮಕ್ಕಳೊಡನೆ ಹೊರಡುವವರ ಪಾಡು ಬೇರೆ. ಅವರಿಗೆ ಬೇಕಾದುದು ಮಲಗಲು ಜಾಗವಲ್ಲ, ಮಗುವಿಗೆ ಶಾಲೆ, ಮನೆಯಾಕೆಗೆ ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ, ದುಡಿಯುವಾತ ಹೊತ್ತಿಗೆ ಸರಿಯಾಗಿ ಮನೆ ಸೇರುವಂಥ ರಸ್ತೆ. ಸಂಯುಕ್ತ ಅರಬ್ ಸಂಸ್ಥಾನಕ್ಕೆ ಹೊರಟ ಕನ್ನಡ ಕುಟುಂಬಗಳು ಮೊದಲು ಬಾಡಿಗೆ ವಿಚಾರಿಸಿ, ಅಗ್ಗವೆಂದು ಕಂಡ ಬಡಾವಣೆಯಲ್ಲಿ ಮನೆ ಹಿಡಿದು, ಕೊನೆಗೆ ಶಾಲೆ ಹುಡುಕುವುದು ವಾಡಿಕೆ. ಈ ಕ್ರಮ ತಿರುಗುಮುರುಗು. ಮೊದಲು ಶಾಲೆ, ಆಮೇಲೆ ದಾರಿ, ಕಟ್ಟಕಡೆಗೆ ಬಾಡಿಗೆ ಎಂದು ಲೆಕ್ಕ ಹಾಕಿದವರಿಗೆ ಮರುವರ್ಷವೇ ಮನೆ ಬದಲಿಸುವ ಪ್ರಮೇಯ ಕಡಿಮೆ.

ವೀಸಾ ಮತ್ತು ಮನೆಯ ನಂಟು

ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋಗುವವರು ಕುಟುಂಬದೊಡನೆ ಇಳಿದು, ನಂತರ ಮನೆ ಹುಡುಕಬಹುದು. ಕೊಲ್ಲಿಯಲ್ಲಿ ಹಾಗಲ್ಲ. ಕುಟುಂಬವನ್ನು ಕರೆಸಿಕೊಳ್ಳುವ ವೀಸಾಕ್ಕೆ ಮನೆಯ ನೋಂದಾಯಿತ ಬಾಡಿಗೆ ಕರಾರು ಅಗತ್ಯ ದಾಖಲೆಗಳಲ್ಲಿ ಒಂದು. 2019ರ ತಿದ್ದುಪಡಿಯಂತೆ ಪ್ರಾಯೋಜಕನ ಹುದ್ದೆ ಯಾವುದೆಂಬುದು ಈಗ ಮುಖ್ಯವಲ್ಲ. ತಿಂಗಳಿಗೆ 4,000 ದಿರ್ಹಂ ವೇತನ, ಇಲ್ಲವೇ 3,000 ದಿರ್ಹಂ ಜತೆಗೆ ಕಂಪನಿಯ ವಸತಿ ಇದ್ದರೆ ಸಾಕು. ಈ ವೇತನದಲ್ಲಿ ಸಂಸಾರ ಸಾಗಿಸಲು ಸಾಧ್ಯವೇ ಎಂಬುದು ಬೇರೆಯೇ ಮಾತು. ಕಾನೂನು ಅನುಮತಿಸುವ ಮೊತ್ತವೂ ಜೀವನಕ್ಕೆ ಬೇಕಾದ ಮೊತ್ತವೂ ಒಂದೇ ಅಲ್ಲ.

ದುಬೈಯಲ್ಲಿ ಕರಾರು 'ಇಜಾರಿ' ಎಂಬ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು. ಶಾರ್ಜಾದಲ್ಲಿ ನಗರಪಾಲಿಕೆ ಅದನ್ನು ದೃಢೀಕರಿಸುತ್ತದೆ. ದುಬೈ ಕಂಪನಿಯ ವೀಸಾ ಹೊಂದಿದ್ದು ಶಾರ್ಜಾದಲ್ಲಿ ಮನೆ ಹಿಡಿಯಬಯಸುವವರು, ಆ ಕರಾರು ತಮ್ಮ ಕುಟುಂಬದ ವೀಸಾ ಅರ್ಜಿಗೆ ಸಲ್ಲುತ್ತದೆಯೇ ಎಂಬುದನ್ನು ಚೆಕ್ ಬರೆಯುವ ಮುನ್ನವೇ ಕಂಪನಿಯ ವೀಸಾ ಅಧಿಕಾರಿಯ ಬಳಿ ವಿಚಾರಿಸಿಕೊಳ್ಳುವುದು ಒಳಿತು. ಮದುವೆ ಪ್ರಮಾಣಪತ್ರ ಮತ್ತು ಮಕ್ಕಳ ಜನನ ಪ್ರಮಾಣಪತ್ರಗಳಿಗೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ ಹಾಗೂ ಆ ದೇಶದ ರಾಯಭಾರ ಕಚೇರಿಯ ದೃಢೀಕರಣ ಊರಿನಲ್ಲಿರುವಾಗಲೇ ಆಗಿರಬೇಕು.

ಒಂದು ಮನೆಯನ್ನು ಎರಡು ಮೂರು ಕುಟುಂಬಗಳು ಹಂಚಿಕೊಂಡು ಬಾಡಿಗೆ ಉಳಿಸುವ ಪದ್ಧತಿಯೂ ಇದೆ. ಇಲ್ಲಿ ಎಚ್ಚರ ಬೇಕು. ದುಬೈಯಲ್ಲಿ 2022ರಿಂದ ಮನೆಯಲ್ಲಿ ವಾಸವಿರುವ ಎಲ್ಲರ ಹೆಸರೂ ನೋಂದಣಿಯಾಗಬೇಕೆಂಬ ನಿಯಮವಿದೆ. ಕುಟುಂಬಗಳಿಗೆಂದು ಮೀಸಲಾದ ವಸತಿ ಪ್ರದೇಶಗಳಿಂದ ಒಂಟಿ ಕೆಲಸಗಾರರನ್ನು ತೆರವುಗೊಳಿಸುವ ಕಾರ್ಯಾಚರಣೆಗಳೂ ಶಾರ್ಜಾದಲ್ಲಿ ನಡೆದಿವೆ. ಹೀಗಾಗಿ ಕಟ್ಟಡ 'ಕುಟುಂಬಗಳಿಗೆ ಮಾತ್ರ' ಎಂದಿದೆಯೇ ಎಂದು ಕೇಳುವುದು ಬರಿಯ ಉಪಚಾರವಲ್ಲ.

ಶಾಲೆಯೇ ಮೊದಲು

ಪಾಶ್ಚಾತ್ಯ ದೇಶಗಳಲ್ಲಿ ಮನೆಯ ವಿಳಾಸವೇ ಸರ್ಕಾರಿ ಶಾಲೆಯನ್ನು ನಿರ್ಧರಿಸುವುದುಂಟು. ಕೊಲ್ಲಿಯಲ್ಲಿ ಭಾರತೀಯ ಮಕ್ಕಳು ಓದುವುದು ಖಾಸಗಿ ಶಾಲೆಗಳಲ್ಲಿ. ವಿಳಾಸದ ನಿರ್ಬಂಧವಿಲ್ಲ. ಆದರೆ ಹೆಸರಾಂತ ಶಾಲೆಗಳಲ್ಲಿ ಸೀಟು ಸುಲಭವಲ್ಲ, ಸಿಕ್ಕ ಶಾಲೆಯ ಬಸ್ಸು ಎಲ್ಲ ಬಡಾವಣೆಗಳಿಗೂ ಬರುವುದಿಲ್ಲ. ಆದ್ದರಿಂದ ಸೀಟು ಖಚಿತವಾದ ಮೇಲೆ ಮನೆ ಹುಡುಕುವುದು ಜಾಣತನ.

ಇಲ್ಲೊಂದು ಗಂಡಾಂತರವಿದೆ. ಕರ್ನಾಟಕದ ರಾಜ್ಯ ಪಠ್ಯಕ್ರಮದಲ್ಲಿ ಓದುತ್ತಿರುವ ಮಗುವಿಗೆ ಅಲ್ಲಿನ ಸಿಬಿಎಸ್‌ಇ ಶಾಲೆಯ ಹತ್ತನೇ ಅಥವಾ ಹನ್ನೆರಡನೇ ತರಗತಿಗೆ, ಮಂಡಳಿಯ ಅನುಮತಿಯಿಲ್ಲದೆ ನೇರ ಪ್ರವೇಶ ಸಿಗದು. ಒಂಬತ್ತನ್ನು ಊರಿನಲ್ಲಿ ಮುಗಿಸಿ ಹತ್ತಕ್ಕೆ ಅಲ್ಲಿಗೆ ಕರೆದೊಯ್ಯೋಣ ಎಂದುಕೊಂಡ ತಂದೆ ತಾಯಂದಿರು ಕೊನೆಗೆ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗಬೇಕಾಗಬಹುದು. ಒಂಬತ್ತನೇ ತರಗತಿಗೋ ಅದಕ್ಕೂ ಮೊದಲೋ ಸೇರಿಸಿದರೆ ಈ ತೊಡಕಿಲ್ಲ. ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಆರಂಭವಾಗುತ್ತವೆ. ಬ್ರಿಟಿಷ್, ಅಮೆರಿಕನ್ ಪಠ್ಯಕ್ರಮದವು ಆಗಸ್ಟ್ ಕೊನೆಗೆ. ಊರಿನ ಶಾಲೆಯಿಂದ ತರುವ ವರ್ಗಾವಣೆ ಪತ್ರಕ್ಕೂ ದೃಢೀಕರಣ ಕೇಳುವುದುಂಟು.

ದುಬೈಯ ಖಾಸಗಿ ಶಾಲೆಗಳ ಮೇಲ್ವಿಚಾರಣೆಯನ್ನು ಕೆಎಚ್‌ಡಿಎ ಎಂಬ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಅದರ ತಪಾಸಣಾ ವರದಿಗಳು ಯಾರಿಗಾದರೂ ಓದಲು ಲಭ್ಯ. ಶುಲ್ಕವನ್ನು ಶಾಲೆಗಳು ಮನಬಂದಂತೆ ಏರಿಸುವಂತಿಲ್ಲ. ಶಾರ್ಜಾದಲ್ಲಿ ಈ ಹೊಣೆ ಅಲ್ಲಿನ ಖಾಸಗಿ ಶಿಕ್ಷಣ ಪ್ರಾಧಿಕಾರದ್ದು.

ಔದ್ ಮೇಥಾದಲ್ಲಿ 1961ರಲ್ಲಿ ಆರಂಭವಾದ ಇಂಡಿಯನ್ ಹೈಸ್ಕೂಲ್ ಇದೆ. ಸುತ್ತಮುತ್ತಲಿನ ಕರಾಮ, ಬರ್ ದುಬೈ ಬಡಾವಣೆಗಳು ದಶಕಗಳಿಂದ ಭಾರತೀಯರಿಂದ ತುಂಬಿರುವುದಕ್ಕೆ ಈ ಶಾಲೆಯೂ ಒಂದು ಕಾರಣ. ಅಲ್ ಕುಸೈಸ್ ಮತ್ತು ಅದರ ಆಸುಪಾಸಿನಲ್ಲಿ ಭಾರತೀಯ ಪಠ್ಯಕ್ರಮದ ಹಲವು ಶಾಲೆಗಳಿವೆ. ದುಬೈಯ ಇನ್ನೊಂದು ತುದಿಯಲ್ಲಿ, ಜೆಬೆಲ್ ಅಲಿಯತ್ತ ಕೆಲಸವಿರುವವರಿಗೆ ಡಿಸ್ಕವರಿ ಗಾರ್ಡನ್ಸ್ ಅನುಕೂಲ. ದೆಹಲಿ ಪ್ರೈವೇಟ್ ಸ್ಕೂಲ್ ಅದರ ನೆರೆಯ 'ದಿ ಗಾರ್ಡನ್ಸ್'ನಲ್ಲಿದೆ, 2021ರಿಂದ ಮೆಟ್ರೋ ನಿಲ್ದಾಣವೂ ಇದೆ. ಶಾರ್ಜಾದ ಮುವೈಲಾದಲ್ಲಿ ಅದೇ ಹೆಸರಿನ ಇನ್ನೊಂದು ಶಾಲೆಯಿದ್ದು, ಆ ಬಡಾವಣೆ ಕುಟುಂಬಗಳ ನೆಲೆಯಾಗಿ ಬೆಳೆದಿದೆ.

ಈ ಶಾಲೆಗಳಲ್ಲಿ ಮಕ್ಕಳಿಗೆ ಒಂದರಿಂದ ಒಂಬತ್ತನೇ ತರಗತಿಯವರೆಗೆ ಅರೇಬಿಕ್ ಕಡ್ಡಾಯ. ಕನ್ನಡ ಸಾಮಾನ್ಯವಾಗಿ ಇರುವುದಿಲ್ಲ. ಆ ಕೊರತೆಯನ್ನು ತುಂಬಲು ಕನ್ನಡ ಮಿತ್ರರು ಸಂಘಟನೆ 2014ರಿಂದ ದುಬೈಯಲ್ಲಿ ವಾರಾಂತ್ಯದ ಉಚಿತ ಕನ್ನಡ ಪಾಠಶಾಲೆಯನ್ನು ನಡೆಸಿಕೊಂಡು ಬಂದಿದೆ.

ರಸ್ತೆಯೊಂದು, ಸೀಮೆ ಎರಡು

ಮಾಕುಟ್ಟದವರಿಗೆ ಗಡಿಯೆಂದರೇನೆಂದು ಹೇಳಿಕೊಡಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಹರಡಿದಾಗ ಈ ರಸ್ತೆಗೆ ಮಣ್ಣು ಸುರಿದು ಸಂಚಾರ ನಿಲ್ಲಿಸಲಾಗಿತ್ತು. ಸೇತುವೆಯ ಆಚೆಗೆ ಒಂದು ಸರ್ಕಾರ, ಈಚೆಗೆ ಇನ್ನೊಂದು. ದುಬೈ ಮತ್ತು ಶಾರ್ಜಾಗಳ ನಡುವೆ ತಪಾಸಣಾ ಠಾಣೆಯಿಲ್ಲ, ಆದರೆ ನಿಯಮಗಳ ಗಡಿ ಅಷ್ಟೇ ಸ್ಪಷ್ಟ. ಅಲ್ ನಹ್ದಾ ಎಂಬ ಹೆಸರಿನ ಬಡಾವಣೆಗಳು ಎರಡಿವೆ, ಒಂದು ದುಬೈಯದು, ಅದಕ್ಕೆ ಅಂಟಿಕೊಂಡೇ ಶಾರ್ಜಾದ್ದು ಇನ್ನೊಂದು. ಜಾಹೀರಾತಿನಲ್ಲಿ 'ಅಲ್ ನಹ್ದಾ' ಎಂದಷ್ಟೇ ಕಂಡು ಮಾತು ಮುಗಿಸಬಾರದು.

ಶಾರ್ಜಾ ಭಾಗದಲ್ಲಿ ಅಷ್ಟೇ ವಿಸ್ತೀರ್ಣದ ಮನೆಗೆ ಬಾಡಿಗೆ ಕಡಿಮೆ. ಸಾವಿರಾರು ಭಾರತೀಯ ಕುಟುಂಬಗಳನ್ನು ಅತ್ತ ಸೆಳೆದಿರುವುದು ಇದೇ. ಆದರೆ ಉಳಿತಾಯದ ಒಂದು ಪಾಲನ್ನು ರಸ್ತೆ ನುಂಗುತ್ತದೆ. ದುಬೈಯ ಸಾಲಿಕ್ ಟೋಲ್ ಶುಲ್ಕ 2025ರ ಜನವರಿ 31ರಿಂದ ದಟ್ಟಣೆಯ ವೇಳೆಯಲ್ಲಿ, ಅಂದರೆ ಬೆಳಿಗ್ಗೆ 6ರಿಂದ 10 ಮತ್ತು ಸಂಜೆ 4ರಿಂದ 8ರವರೆಗೆ, 6 ದಿರ್ಹಂ ಆಗಿದೆ. ಅಲ್ ಇತ್ತಿಹಾದ್ ರಸ್ತೆಯಲ್ಲಿ ದಿನಕ್ಕೆರಡು ಬಾರಿ ದ್ವಾರ ದಾಟುವವನಿಗೆ 22 ಕೆಲಸದ ದಿನಗಳಲ್ಲಿ 264 ದಿರ್ಹಂ ಟೋಲ್‌ಗೇ ಹೋಗುತ್ತದೆ. ಟೋಲ್ ಇಲ್ಲದ ಹಾದಿಗಳೂ ಇವೆ, ಆದರೆ ಅವು ಖಾಲಿಯಿರುವುದಿಲ್ಲ. ದುಬೈ ಮೆಟ್ರೋ ಶಾರ್ಜಾವನ್ನು ತಲುಪುವುದಿಲ್ಲ. ಹಸಿರು ಮಾರ್ಗ ಅಲ್ ನಹ್ದಾ, ಅಲ್ ಕುಸೈಸ್‌ಗಳ ಮೂಲಕ ಸಾಗಿ ಗಡಿಯ ಈಚೆಗೇ ಮುಗಿಯುತ್ತದೆ. ಶಾರ್ಜಾದಲ್ಲಿ ಮನೆ, ದುಬೈಯಲ್ಲಿ ಶಾಲೆ ಎಂದಾದರೆ ಮಗು ಸೂರ್ಯೋದಯಕ್ಕೆ ಮುನ್ನವೇ ಬಸ್ಸಿಗೆ ಕಾಯಬೇಕಾಗುತ್ತದೆ. ಈ ಕಷ್ಟಕ್ಕೆ ದಿರ್ಹಂಗಳಲ್ಲಿ ಬೆಲೆ ಕಟ್ಟುವವರಿಲ್ಲ.

ವಾರಾಂತ್ಯವೂ ಬೇರೆ. 2022ರ ಜನವರಿಯಲ್ಲಿ ದೇಶ ಶನಿವಾರ, ಭಾನುವಾರದ ರಜೆಗೆ ಬದಲಾದಾಗ ಶಾರ್ಜಾ ಶುಕ್ರವಾರವನ್ನೂ ಸೇರಿಸಿಕೊಂಡಿತು. ಅಲ್ಲಿನ ಶಾಲೆಗಳಿಗೆ ವಾರಕ್ಕೆ ನಾಲ್ಕೇ ದಿನ. ತಂದೆ ತಾಯಿ ಇಬ್ಬರೂ ದುಬೈಯಲ್ಲಿ ದುಡಿಯುವವರಾದರೆ ಶುಕ್ರವಾರ ಮಗುವನ್ನು ನೋಡಿಕೊಳ್ಳುವವರಾರು ಎಂಬ ಪ್ರಶ್ನೆ ಪ್ರತಿ ವಾರವೂ ಎದುರಾಗುತ್ತದೆ. ತಾಯಿ ಮನೆಯಲ್ಲಿರುವ ಕುಟುಂಬಕ್ಕೆ ಇದೇ ವ್ಯವಸ್ಥೆ ವರದಾನವಾಗಲೂಬಹುದು.

ಶಾರ್ಜಾದ ಪರವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಅಲ್ಲಿನ 2024ರ ಬಾಡಿಗೆ ಕಾನೂನಿನಂತೆ ಕರಾರಿನ ಮೊದಲ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ. ದುಬೈಯಲ್ಲಿ ಏರಿಕೆ ಅಧಿಕೃತ ಸೂಚ್ಯಂಕಕ್ಕೆ ಬದ್ಧ, ಬದಲಾವಣೆಗೆ 90 ದಿನಗಳ ಮುಂಚಿತ ನೋಟಿಸ್ ಬೇಕು. ಸ್ವಂತ ವಾಸಕ್ಕೆಂದೋ ಮಾರಾಟಕ್ಕೆಂದೋ ತೆರವು ಮಾಡಿಸಬೇಕಾದರೆ ಮಾಲೀಕ 12 ತಿಂಗಳ ನೋಟಿಸ್ ನೀಡಬೇಕು. ಶಾಲೆಯ ಪಕ್ಕದಲ್ಲೇ ನೆಲೆ ನಿಲ್ಲಬಯಸುವವರಿಗೆ ಈ ರಕ್ಷಣೆಗಳು ಬಾಡಿಗೆಯ ಮೊತ್ತದಷ್ಟೇ ಮುಖ್ಯ.

ಮೊದಲ ದಿನದ ಖರ್ಚು

ಬೆಂಗಳೂರಿನಂತೆ ಮುಂಗಡ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುವ ರೂಢಿ ಅಲ್ಲಿಲ್ಲ. ಇಡೀ ವರ್ಷದ ಬಾಡಿಗೆಗೆ ಮುಂದಿನ ದಿನಾಂಕಗಳ ಚೆಕ್ಕುಗಳನ್ನು ಮೊದಲೇ ಕೊಡಬೇಕು. ಚೆಕ್ಕುಗಳ ಸಂಖ್ಯೆ ಕಡಿಮೆಯಾದಷ್ಟೂ ಬಾಡಿಗೆಯಲ್ಲಿ ರಿಯಾಯಿತಿ ಕೇಳಬಹುದು. ಉದಾಹರಣೆಗೆ, ದುಬೈಯಲ್ಲಿ ವರ್ಷಕ್ಕೆ 60,000 ದಿರ್ಹಂ ಬಾಡಿಗೆಯ ಮನೆಯನ್ನು ನಾಲ್ಕು ಚೆಕ್ಕುಗಳಲ್ಲಿ ಹಿಡಿದರೆ ಮೊದಲ ಚೆಕ್ಕು 15,000. ಸಾಮಾನ್ಯವಾಗಿ ಶೇ 5ರಷ್ಟಿರುವ ಭದ್ರತಾ ಠೇವಣಿ 3,000, ದಲ್ಲಾಳಿಗೆ ಅಷ್ಟೇ. ವಿದ್ಯುತ್ ಮತ್ತು ನೀರಿನ ಠೇವಣಿ ಫ್ಲಾಟಿಗೆ 2,000. ಬೀಗದ ಕೈ ಕೈಗೆ ಬರುವ ಮುನ್ನವೇ 23,000 ದಿರ್ಹಂ. ಇದಲ್ಲದೆ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕ ವಿದ್ಯುತ್ ಬಿಲ್ಲಿನ ಜತೆಗೆ ಬರುತ್ತದೆ. ಈ ಉದಾಹರಣೆಯಲ್ಲಿ ಅದು ತಿಂಗಳಿಗೆ 250 ದಿರ್ಹಂ. ಹಲವು ಕಟ್ಟಡಗಳಲ್ಲಿ ಹವಾನಿಯಂತ್ರಣದ ಬಿಲ್ಲು ಪ್ರತ್ಯೇಕ. 'ಚಿಲ್ಲರ್ ಫ್ರೀ' ಎಂದಿದ್ದರೆ ಅದು ಬಾಡಿಗೆಯಲ್ಲೇ ಸೇರಿದೆ ಎಂದರ್ಥ. ಬೇಸಿಗೆಯಲ್ಲಿ ಇದು ಸಣ್ಣ ಮೊತ್ತವಲ್ಲ.

ನೋಡಿ ಬಂದು ನಿರ್ಧರಿಸಬೇಕಾದವು

ಮರುಭೂಮಿಯಲ್ಲಿ ಮಳೆಯ ಚಿಂತೆ ಏಕೆಂದು ಕೊಡಗಿನವರಿಗೆ ಅನ್ನಿಸಬಹುದು. 2024ರ ಏಪ್ರಿಲ್ 16ರಂದು ಅಲ್ಲಿ 75 ವರ್ಷಗಳ ದಾಖಲೆಯಲ್ಲೇ ಅತ್ಯಧಿಕ ಮಳೆ ಸುರಿದಾಗ ಶಾರ್ಜಾದ ಅಲ್ ಮಜಾಝ್‌ನಂತಹ ಪ್ರದೇಶಗಳಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ದುಬೈಯಲ್ಲೂ ಹಲವು ಬಡಾವಣೆಗಳು ಜಲಾವೃತವಾಗಿದ್ದವು. ಆ ವಾರ ಕಟ್ಟಡದ ನೆಲಮಾಳಿಗೆಯ ಸ್ಥಿತಿ ಹೇಗಿತ್ತು, ಲಿಫ್ಟು ಎಷ್ಟು ದಿನ ನಿಂತಿತ್ತು ಎಂದು ಕಾವಲುಗಾರನನ್ನು ಕೇಳಿದರೆ ದಲ್ಲಾಳಿ ಹೇಳದ ಸಂಗತಿಗಳು ತಿಳಿಯುತ್ತವೆ.

ಮನೆಯನ್ನು ಹಗಲಿನಲ್ಲೊಮ್ಮೆ, ಕೆಲಸದ ದಿನದ ರಾತ್ರಿ ಎಂಟರ ಬಳಿಕ ಇನ್ನೊಮ್ಮೆ ನೋಡಬೇಕು. ಕಾರು ನಿಲ್ಲಿಸಲು ಸ್ಥಳ ಸಿಗುತ್ತದೆಯೇ ಎಂಬುದು ಆಗಷ್ಟೇ ಗೊತ್ತಾಗುವುದು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹಗಲು ಮಕ್ಕಳನ್ನು ಹೊರಗೆ ಬಿಡಲಾಗದ ಊರಿನಲ್ಲಿ ಉದ್ಯಾನಕ್ಕಿಂತ ಕಟ್ಟಡದೊಳಗಿನ ಆಟದ ಜಾಗ, ನೆರಳಿನಲ್ಲಿ ತಲುಪಬಹುದಾದ ದಿನಸಿ ಅಂಗಡಿ ಹೆಚ್ಚು ಉಪಯುಕ್ತ.

ಅಗ್ಗದ ಬಾಡಿಗೆಗಾಗಿ ಇಂಟರ್‌ನ್ಯಾಷನಲ್ ಸಿಟಿಯನ್ನೋ, ಹೊಸತನಕ್ಕಾಗಿ ಸಿಲಿಕಾನ್ ಓಯಸಿಸ್ ಅನ್ನೋ ಆರಿಸುವವರಿಗೆ ಸದ್ಯ ಕಾರು ಅನಿವಾರ್ಯವೆಂದೇ ಹೇಳಬೇಕು. ಈ ಎರಡನ್ನೂ ಮಿರ್ದಿಫ್ ಅನ್ನೂ ಜೋಡಿಸುವ ಮೆಟ್ರೋ ನೀಲಿ ಮಾರ್ಗವನ್ನು 2029ರ ಸೆಪ್ಟೆಂಬರ್‌ನಲ್ಲಿ ಆರಂಭಿಸುವ ಯೋಜನೆಯಿದೆ. ಐದಾರು ವರ್ಷ ನಿಲ್ಲುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆದರೆ ನಿಲ್ದಾಣ ಬರುವ ಸುದ್ದಿ ಬಾಡಿಗೆಗೆ ನಿಲ್ದಾಣಕ್ಕಿಂತ ಮೊದಲೇ ತಲುಪುವುದು ಎಲ್ಲ ಊರುಗಳ ಅನುಭವ.

ಭಾರತೀಯ ಶಾಲೆಗಳಿಗೆ ಬೇಸಿಗೆ ರಜೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ಕುಟುಂಬಗಳು ಊರಿಗೆ ಮರಳುವುದೂ ಆಗಲೇ. ಮಾಕುಟ್ಟದ ಘಟ್ಟದಲ್ಲಿ ಮಳೆ ಬಿರುಸಾಗಿರುವ ಕಾಲವೂ ಅದೇ. 2018ರ ಮುಂಗಾರಿನಲ್ಲಿ ಗುಡ್ಡ ಕುಸಿದು ಈ ರಸ್ತೆ ಬಂದ್ ಆಗಿತ್ತು. ಆದ್ದರಿಂದ ಕಣ್ಣೂರಿನಲ್ಲಿ ಇಳಿಯುವ ವಿಮಾನಕ್ಕೆ ಟಿಕೆಟ್ ಕಾಯ್ದಿರಿಸುವವರು ಹೊರಡುವ ಮುನ್ನಾದಿನ ವಿರಾಜಪೇಟೆಗೊಂದು ದೂರವಾಣಿ ಕರೆ ಮಾಡಿ ರಸ್ತೆಯ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಲೇಸು.